‘ಏನೂ ಆಗಲ್ಲಮ್ಮ’

31 ವರ್ಷ ಮಕ್ಕಳಿಗೆ ಸೂಜಿ ಚುಚ್ಚಿದ ಕೈ ನನ್ನದು. ಅಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಸುಳ್ಳು ಯಾವುದು ಅಂತ ಕೇಳಿದರೆ ಯೋಚನೆ ಮಾಡದೆ ಹೇಳುತ್ತೇನೆ. ‘ಏನೂ ಆಗಲ್ಲಮ್ಮ’.

ಕೊಡಗಿನ ಸಿದ್ದಾಪುರದಿಂದ ಒಳಗೆ, ಕಾಫಿ ತೋಟಗಳ ಮಧ್ಯೆ ನಮ್ಮ ಸಬ್ ಸೆಂಟರ್. 1992ರಲ್ಲಿ ಸೇರಿದೆ, 2023ರಲ್ಲಿ ರಿಟೈರ್ ಆದೆ. ಕಾಗದದಲ್ಲಿ ಕಿರಿಯ ಆರೋಗ್ಯ ಸಹಾಯಕಿ. ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಸಿಸ್ಟರ್. ಬುಡಕಟ್ಟಿನವರ ಹಾಡಿಯಲ್ಲಿ ಸೂಜಿ ಅಕ್ಕ. ಮಕ್ಕಳಿಗೆ ಮಾತ್ರ ಗುಮ್ಮ. ಊಟ ಮಾಡದ ಮಗುವಿಗೆ ನನ್ನ ಹೆಸರು ಹೇಳಿ ತುತ್ತು ತಿನ್ನಿಸಿದ ತಾಯಂದಿರು ಎಷ್ಟೋ ಜನ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ತಂಗಿಯ ಮಗಳು. ಕುಶಾಲನಗರದಲ್ಲಿದ್ದಾಳೆ. ಮೊದಲ ಮಗು. ಒಂದೂವರೆ ತಿಂಗಳಿನ ಲಸಿಕೆ ಹಾಕಿಸಿಕೊಂಡು ಬಂದ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. ಮಗು ಅಳುವುದು ನನಗೆ ಕೇಳುತ್ತಿತ್ತು, ಅದರ ಹಿಂದೆ ಇವಳು ಅಳುವುದೂ ಕೇಳುತ್ತಿತ್ತು.

‘ದೊಡ್ಡಮ್ಮ, ಮೈ ಕಾದ ಹಂಚಿನ ಹಾಗೆ ಸುಡ್ತಾ ಇದೆ. ತೊಡೆ ಊದಿದೆ. ಅಲ್ಲಿ ಏನೂ ಆಗಲ್ಲ ಅಂದಿದ್ದರು.’

ಹಾಲು ಕುಡಿಯುತ್ತಿದೆಯಾ ಅಂತ ಕೇಳಿದೆ. ಕುಡಿಯುತ್ತಿದೆ. ಎತ್ತಿಕೊಂಡರೆ ಅಳು ನಿಲ್ಲುತ್ತದಾ? ಸ್ವಲ್ಪ ಹೊತ್ತು ನಿಲ್ಲುತ್ತದೆ. ಕಣ್ಣು ಬಿಟ್ಟು ನಿನ್ನ ಮುಖ ನೋಡುತ್ತಿದೆಯಾ? ನೋಡುತ್ತಿದೆ. ಸರಿ. ಡಾಕ್ಟ್ರು ತೂಕ ನೋಡಿ ಬರೆದುಕೊಟ್ಟ ಪ್ಯಾರಸಿಟಮಾಲ್ ಹನಿ ಅಷ್ಟೇ ಹಾಕು, ಒಂದು ಹನಿ ಜಾಸ್ತಿ ಬೇಡ. ಸ್ವೆಟರ್ ಬಿಚ್ಚು, ಟೋಪಿ ತೆಗೆ. ತೊಡೆಗೆ ಒದ್ದೆ ಬಟ್ಟೆ ಇಡು, ತಿಕ್ಕಬೇಡ, ಎಣ್ಣೆ ಅರಿಶಿನ ಏನೂ ಬೇಡ. ಹಾಲು ಕೊಡುತ್ತಾ ಇರು. ಮೂರು ಗಂಟೆ ಬಿಡದೆ ಕಿರುಚಿದರೆ, ಹಾಲು ಬಿಟ್ಟರೆ, ಮೈ ಬಿಳಿಚಿಕೊಂಡು ಸೋತು ಬಿದ್ದರೆ, ಉಸಿರಾಟ ಬೇರೆ ಥರ ಆದರೆ, ಫಿಟ್ಸ್ ಬಂದರೆ, ಬೆಳಗಾಗಲಿ ಅಂತ ಕಾಯಬೇಡ, ಆಸ್ಪತ್ರೆಗೆ ಓಡು.

ಬೆಳಿಗ್ಗೆ ಮಗು ನಗುತ್ತಿರುವ ಫೋಟೋ ಕಳಿಸಿದಳು. ಅದೇನೋ ಸರಿ. ಆದರೆ ಆ ರಾತ್ರಿಯ ಭಯಕ್ಕೆ ಅರ್ಧ ಕಾರಣ ಜ್ವರ ಅಲ್ಲ, ‘ಏನೂ ಆಗಲ್ಲ’ ಅನ್ನುವ ಮಾತು. ಐದು ರೋಗಕ್ಕೆ ಒಂದೇ ಸೂಜಿಯಾದ ಪೆಂಟಾ ಹಾಕಿದ ಮೇಲೆ ನೂರರಲ್ಲಿ ಐವತ್ತು ಮಕ್ಕಳವರೆಗೆ ಜ್ವರ ಬರಬಹುದು. ಮುಂಚೆಯೇ ಹೇಳಿದ್ದರೆ ಅದು ಬಂದು ಹೋಗುವ ನೆಂಟ. ಹೇಳದೆ ಬಂದರೆ ಕಳ್ಳ.

ನನಗೆ ಇದು ಅರ್ಥ ಆಗಿದ್ದು 2007ರ ಜುಲೈನಲ್ಲಿ. ಕೊಡಗಿನ ಜುಲೈ ಅಂದರೆ ಗೊತ್ತಲ್ಲ. ಬಟ್ಟೆ ಒಣಗಲ್ಲ, ಸೌದೆ ಹತ್ತಲ್ಲ, ಕರೆಂಟು ಬಂದರೆ ಮನೆಮಂದಿಯೆಲ್ಲ ಒಟ್ಟಿಗೆ ‘ಬಂತು’ ಅಂತ ಕೂಗುತ್ತೇವೆ. ಅಂಥ ಒಂದು ಗುರುವಾರ, ತೋಟದ ಲೈನ್‌ಮನೆಯ ಜಗಲಿಯಲ್ಲಿ ಕೂತು ಲಸಿಕೆ ಹಾಕುತ್ತಿದ್ದೆ. ಒಂದೂವರೆ ವರ್ಷದ ಗಂಡುಮಗು, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಬೂಸ್ಟರ್. ಅಜ್ಜಿ ಎತ್ತಿಕೊಂಡು ಬಂದಿದ್ದರು. ತಾಯಿ ತೋಟದ ಕೆಲಸಕ್ಕೆ ಹೋಗಿದ್ದಳು. ಒಂದು ದಿನದ ಕೂಲಿ ಬಿಟ್ಟು ಬರುವುದು ಅಷ್ಟು ಸುಲಭ ಅಲ್ಲ. ‘ಜ್ವರ ಬರುತ್ತಾ ಸಿಸ್ಟರ್?’ ಅಂತ ಅಜ್ಜಿ ಕೇಳಿದರು. ನನಗೆ ಇನ್ನೂ ಎರಡು ಲೈನ್ ಬಾಕಿ ಇತ್ತು. ಮಳೆ ಜೋರಾಗುತ್ತಿತ್ತು. ‘ಏನೂ ಆಗಲ್ಲ ಅಜ್ಜಿ’ ಅಂದೆ.

ಸಂಜೆ ಜ್ವರ ಏರಿತು. ಕತ್ತಲಾಗುವ ಹೊತ್ತಿಗೆ ಮಗು ಸೆಟೆದುಕೊಂಡಿತು, ಕಣ್ಣು ಮೇಲೆ ಹೋಯಿತು. ತೋಟದ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ದಾರಿಯಲ್ಲೇ ಫಿಟ್ಸ್ ನಿಂತಿತ್ತು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಆ ವಯಸ್ಸಿನ ಮಕ್ಕಳಲ್ಲಿ ಕೆಲವರಿಗೆ ಯಾವ ಜ್ವರ ಜೋರಾದರೂ ಹೀಗೆ ಆಗುತ್ತದೆ, ನೆಗಡಿ ಜ್ವರ ಆದರೂ ಸರಿ. ಸಾಮಾನ್ಯವಾಗಿ ಮಿದುಳಿಗೆ ಏನೂ ತೊಂದರೆ ಇರಲ್ಲ. ನನಗೆ ಅದು ಗೊತ್ತಿತ್ತು. ಟ್ರೇನಿಂಗಿನಲ್ಲಿ ಓದಿದ್ದೆ. ಗೊತ್ತಿದ್ದದ್ದನ್ನು ಹೇಳಿರಲಿಲ್ಲ, ಅಷ್ಟೇ.

ಮರುದಿನ ನೋಡಲು ಹೋದೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಏನೂ ಆಗಲ್ಲ ಅಂದ್ರಿ ಅಲ್ವಾ ಸಿಸ್ಟರ್’ ಅಂದರು ಅಷ್ಟೇ, ನನ್ನ ಮುಖ ನೋಡದೆ.

ಇದನ್ನು ಬರೆದು ಕಳಿಸಬೇಕಿತ್ತು. ಆಗಲೂ ಅದಕ್ಕೆ ಫಾರಂ ಇತ್ತು. ಲಸಿಕೆ ಆದ ಮೇಲೆ ಆಗುವ ತೊಂದರೆಗೆ ನಮ್ಮ ಇಲಾಖೆಯಲ್ಲಿ ಎಇಎಫ್‌ಐ ಅಂತಾರೆ. ಲಸಿಕೆಯಿಂದಲೇ ಆಯಿತು ಅಂತ ಅದರ ಅರ್ಥ ಅಲ್ಲ, ಲಸಿಕೆ ಆದ ಮೇಲೆ ಆಯಿತು ಅಂತ ಮಾತ್ರ. ಮಗು ಆಸ್ಪತ್ರೆ ಸೇರಿದರೆ ಅದು ಗಂಭೀರ ಲೆಕ್ಕ, ವರದಿ ಮಾಡಲೇಬೇಕು. ನಾನು ಫಾರಂ ಕೇಳಲು ಹೋದಾಗ ನನಗಿಂತ ಹಿರಿಯರೊಬ್ಬರು ಹೇಳಿದರು: ‘ಮಗು ಚೆನ್ನಾಗಿದೆಯಲ್ಲ. ಸುಮ್ನೆ ಯಾಕೆ ಬರೀತೀಯ? ನಾಳೆ ನಿನ್ನ ತಲೆಗೇ ಬರುತ್ತೆ.’ ನಾನು ಬರೆಯಲಿಲ್ಲ. ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ನನಗೂ ಅದೇ ಬೇಕಾಗಿತ್ತು.

ಆಮೇಲಿನ ಗುರುವಾರಗಳಲ್ಲಿ ಆ ಲೈನಿನಲ್ಲಿ ಬಾಗಿಲು ಹಾಕಿರುತ್ತಿತ್ತು. ಒಳಗೆ ಮಗು ಅಳುವುದು ಕೇಳುತ್ತಿತ್ತು, ‘ಮನೆಯಲ್ಲಿ ಯಾರೂ ಇಲ್ಲ’ ಅಂತ ಪಕ್ಕದವರು ಹೇಳುತ್ತಿದ್ದರು. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಮಕ್ಕಳಿದ್ದವು. ಬಂದದ್ದು ಮೂರು. ತೋಟದ ರೈಟರ್ ಹೇಳಿ ನೋಡಿದರು, ಸಾಹುಕಾರರೂ ಹೇಳಿದರು. ಸಾಹುಕಾರರು ಹೇಳಿದ ಮೇಲೆ ಮೂರಿದ್ದದ್ದು ಎರಡಾಯಿತು. ಹೆದರಿದ ಮನುಷ್ಯನಿಗೆ ದೊಡ್ಡವರಿಂದ ಹೇಳಿಸಿದರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ ಅಂತ ಆಗ ತಿಳಿಯಿತು.

ಆ ಲೈನನ್ನು ಮತ್ತೆ ಗೆಲ್ಲಲು ನನಗೆ ಎರಡು ವರ್ಷ ಹಿಡಿಯಿತು. ಗೆದ್ದದ್ದು ಭಾಷಣದಿಂದ ಅಲ್ಲ, ಶುಕ್ರವಾರದಿಂದ. ಗುರುವಾರ ಸೂಜಿ, ಶುಕ್ರವಾರ ಬೆಳಿಗ್ಗೆ ಅದೇ ಮನೆಗಳಿಗೆ ಹೋಗಿ ‘ರಾತ್ರಿ ಹೇಗಿತ್ತು?’ ಅಂತ ಕೇಳುವುದು. ಇದನ್ನು ಮಾಡಿ ಅಂತ ಯಾರೂ ಹೇಳಿರಲಿಲ್ಲ. ಆಮೇಲೆ ಆಶಾ ಕಾರ್ಯಕರ್ತೆಯರು ಬಂದರು, ಅವರಿಗೆ ಇದು ಇನ್ನೂ ಚೆನ್ನಾಗಿ ಬಂತು.

ತಾಯಂದಿರಿಗೆ ಬಾಟಲಿ ತೋರಿಸುವುದನ್ನೂ ಅಲ್ಲಿಂದಲೇ ಶುರು ಮಾಡಿದೆ. ಲಸಿಕೆಯ ಸೀಸೆಯ ಮೇಲೆ ಒಂದು ಬಣ್ಣದ ಗುಂಡು ಗುರುತು, ಅದರೊಳಗೆ ಒಂದು ಬಿಳಿ ಚೌಕ ಇರುತ್ತದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತಾ ಬರುತ್ತದೆ. ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಹಾಕಬಹುದು. ಎರಡೂ ಒಂದೇ ಬಣ್ಣ ಆದರೆ ಬಿಸಾಡಬೇಕು. ಓದು ಬರದ ಅಜ್ಜಿಯೂ ಇದನ್ನು ನೋಡಿ ಹೇಳಬಹುದು. ಒಬ್ಬರು ಪ್ರತಿ ಸಲ ಬಾಟಲಿ ಕೈಗೆ ತೆಗೆದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ನೋಡಿ ‘ಹೂಂ, ಹಾಕು’ ಅನ್ನುತ್ತಿದ್ದರು. ನಮ್ಮ ಮೇಲಧಿಕಾರಿಗಳ ತಪಾಸಣೆಗಿಂತ ಆ ಅಜ್ಜಿಯ ತಪಾಸಣೆಗೇ ನನಗೆ ಭಯ.

ಬಿಸಿಯಷ್ಟೇ ಅಲ್ಲ, ಕೆಲವು ಲಸಿಕೆಗೆ ಮಂಜುಗಡ್ಡೆಯೂ ಆಗುವುದಿಲ್ಲ. ಪೆಂಟಾ ಹೆಪ್ಪುಗಟ್ಟಿದರೆ ಕೆಟ್ಟ ಹಾಗೆ. ಎರಡರಿಂದ ಎಂಟು ಡಿಗ್ರಿ ನಡುವೆ ಇರಬೇಕು. ಪಿಎಚ್‌ಸಿಯ, ಅಂದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ, ಫ್ರಿಜ್ ಬಾಗಿಲ ಮೇಲೆ ದಿನಕ್ಕೆ ಎರಡು ಸಲ ಉಷ್ಣತೆ ಬರೆಯುವ ಹಾಳೆ ತೂಗು ಹಾಕಿರುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಜಿಲ್ಲೆಯೇ ತುಂಡು ತುಂಡಾದಾಗ ನಮಗೆಲ್ಲ ಮೊದಲು ನೆನಪಾದದ್ದು ಮನೆ, ಎರಡನೆಯದು ಆ ಫ್ರಿಜ್. ನಗಬೇಡಿ, ನಿಜ.

ದಡಾರ ರುಬೆಲ್ಲಾ ಲಸಿಕೆಯ ಕಥೆಯೇ ಬೇರೆ. ಅದು ಪುಡಿ. ಅದರ ಜೊತೆ ಬರುವ ನೀರಿನಲ್ಲೇ ಕಲಸಬೇಕು. ಕಲಸಿದ ಸಮಯ ಬಾಟಲಿ ಮೇಲೆ ಬರೆಯಬೇಕು, ನಾಲ್ಕು ಗಂಟೆ ಆದರೆ ಎಷ್ಟೇ ಉಳಿದಿರಲಿ ಬಿಸಾಡಬೇಕು. ಅದರಲ್ಲಿ ಕೀಟಾಣು ಬೆಳೆದರೆ ಮಗುವಿನ ಜೀವಕ್ಕೇ ಅಪಾಯ. 2014ರಲ್ಲಿ ಸಿರಿಯಾ ದೇಶದಲ್ಲಿ ಕಲಸುವ ನೀರಿನ ಬದಲು, ಆಪರೇಷನ್ ಹೊತ್ತಿಗೆ ಸ್ನಾಯು ಸಡಿಲ ಮಾಡಲು ಕೊಡುವ ಔಷಧಿ ಬಳಸಿಬಿಟ್ಟರು. ಸುಮಾರು ಹದಿನೈದು ಮಕ್ಕಳು ಸತ್ತವು. ಲಸಿಕೆ ಸರಿಯಾಗೇ ಇತ್ತು. ಕೈ ತಪ್ಪಿತು. ಅದಕ್ಕೇ ಲಸಿಕೆಯ ಫ್ರಿಜ್‌ನಲ್ಲಿ ಬೇರೆ ಯಾವ ಔಷಧಿಯನ್ನೂ ಇಡಬಾರದು ಅನ್ನುವುದು. ಅಲ್ಲಿ ಯಾರೋ ಮೊಸರಿನ ಡಬ್ಬಿ ಇಟ್ಟಿದ್ದಕ್ಕೆ ನಾನು ಒಮ್ಮೆ ರಂಪ ಮಾಡಿದ್ದೆ. ಆಗ ನಕ್ಕವರಿಗೆ ಈ ಕಥೆ ಗೊತ್ತಿರಲಿಲ್ಲ.

ಅದೇ ಲಸಿಕೆಯ ಅಭಿಯಾನ 2017ರ ಫೆಬ್ರವರಿಯಲ್ಲಿ ಬಂತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗೆ ಎಲ್ಲರಿಗೂ. ಕರ್ನಾಟಕದಲ್ಲಿ ಶಾಲೆ ಶಾಲೆಗೆ ಹೋದೆವು. ನಮಗಿಂತ ಮುಂಚೆ ವಾಟ್ಸ್ಆ್ಯಪ್ ಹೋಗಿತ್ತು. ಇದು ಮಕ್ಕಳಾಗದ ಹಾಗೆ ಮಾಡುವ ಸೂಜಿ, ವಿದೇಶದ ಪ್ರಯೋಗ, ಅಲ್ಲೆಲ್ಲೋ ಮಕ್ಕಳು ಸತ್ತರು. ಒಂದು ಹೈಸ್ಕೂಲಿನಲ್ಲಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ್ದರು. ಬಿಸಿಲು, ಬೆಳಿಗ್ಗೆ ತಿಂಡಿ ತಿಂದವರು ಕಡಿಮೆ. ಮುಂದೆ ನಿಂತ ಒಬ್ಬಳು ಸೂಜಿ ನೋಡಿ ದೊಪ್ಪನೆ ಬಿದ್ದಳು. ಹತ್ತು ನಿಮಿಷದಲ್ಲಿ ಇನ್ನೂ ಏಳು ಜನ. ಅದರಲ್ಲಿ ಮೂವರಿಗೆ ಇನ್ನೂ ಸೂಜಿಯೇ ಹಾಕಿರಲಿಲ್ಲ!

ಹೆಡ್‌ಮಾಸ್ಟರ್ ‘ನಾಟಕ’ ಅಂದರು. ನಾಟಕ ಅಲ್ಲ. ಹೆದರಿಕೆಗೆ ಮೈ ಹಾಗೆ ಮಾಡುತ್ತದೆ, ನಿಜವಾಗಿಯೂ ಬಿಪಿ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತದೆ. ನಮ್ಮ ವರದಿಯ ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಇದೆ. ಹುಡುಗಿಯರನ್ನು ಮಲಗಿಸಿ ಕಾಲು ಎತ್ತರಕ್ಕೆ ಇಟ್ಟೆವು. ಸಕ್ಕರೆ ನೀರು ಕೊಟ್ಟೆವು. ಅರ್ಧ ಗಂಟೆಯಲ್ಲಿ ಎಲ್ಲರೂ ಎದ್ದರು. ಅದರ ಮರುದಿನದಿಂದ ಸಾಲು ನಿಲ್ಲಿಸಲಿಲ್ಲ. ತಿಂಡಿ ತಿಂದು ಬನ್ನಿ, ಐದೈದು ಜನ ಬನ್ನಿ, ಪರದೆ ಹಿಂದೆ ಹಾಕುತ್ತೇವೆ, ಆ ಬಾಗಿಲಿಂದ ಹೊರಗೆ ಹೋಗಿ. ಆಮೇಲೆ ಯಾರೂ ಬೀಳಲಿಲ್ಲ. ಆದರೆ ಆ ಮೊದಲ ದಿನದ ಎಂಟು ಹುಡುಗಿಯರು ಸಂಜೆಯೊಳಗೆ ಗೋಣಿಕೊಪ್ಪದ ಸಂತೆಯಲ್ಲಿ ಎಂಬತ್ತಾಗಿದ್ದರು.

ನಿಜವಾದ ಅಲರ್ಜಿ ಬೇರೆ. ಮೈ ದದ್ದು ಏಳುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಹತ್ತು ಲಕ್ಷ ಡೋಸಿಗೆ ಸುಮಾರು ಒಬ್ಬರಿಗೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಅರ್ಧ ಗಂಟೆ ಕೂತಿರಿ ಅಂತ ನಾವು ಕಾಡುವುದು ಅದಕ್ಕೇ. ನಮ್ಮ ಕಿಟ್‌ನಲ್ಲಿ ಅದಕ್ಕೆ ಕೊಡುವ ಅಡ್ರಿನಲಿನ್ ಮದ್ದು ಇರುತ್ತದೆ, ಮೊದಲ ಡೋಸ್ ನಾವೇ ಹಾಕಿ ಆಸ್ಪತ್ರೆಗೆ ಕಳಿಸಬಹುದು. 31 ವರ್ಷದಲ್ಲಿ ಆ ಕಿಟ್ ತೆರೆಯುವ ಸಂದರ್ಭ ನನಗೆ ಬರಲಿಲ್ಲ. ಆದರೆ ಪ್ರತಿ ಗುರುವಾರ ಅದರ ತಾರೀಖು ನೋಡಿ ಒಳಗಿಟ್ಟಿದ್ದೇನೆ.

ತೊಂದರೆಯನ್ನು ಬರೆದಿಟ್ಟರೆ ಏನು ಪ್ರಯೋಜನ ಅಂತ ಕೇಳುವವರಿಗೆ ನಾನು ಪೋಲಿಯೋ ಕಥೆ ಹೇಳುತ್ತೇನೆ. ನಮ್ಮ ದೇಶದಲ್ಲಿ ಸಹಜ ಪೋಲಿಯೋ ವೈರಸ್ ತಗುಲಿದ ಕೊನೆಯ ಮಗು 2011ರ ಜನವರಿಯಲ್ಲಿ, ಬಂಗಾಳದ ಹೌರಾದಲ್ಲಿ. ಆಮೇಲೂ ಎಲ್ಲೇ ಹದಿನೈದು ವರ್ಷದ ಒಳಗಿನ ಮಗುವಿನ ಕೈಕಾಲು ಇದ್ದಕ್ಕಿದ್ದ ಹಾಗೆ ಸೋತರೆ ಅದರ ಮಲದ ಎರಡು ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಬೇಕು. ನಾನೂ ಒಮ್ಮೆ ಐಸ್ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಹೋಗಿದ್ದೇನೆ. ಪಕ್ಕದಲ್ಲಿ ಕೂತವರು ‘ಮೀನಾ?’ ಅಂತ ಕೇಳಿದರು. ಹೂಂ ಅಂದೆ.

ಜಗತ್ತಿನಲ್ಲೆಲ್ಲ ಹೀಗೆ ಹುಡುಕುತ್ತಾ ಹೋದಾಗ ಒಂದು ವಿಷಯ ಗಟ್ಟಿಯಾಯಿತು. 2ನೇ ತರಹದ ಸಹಜ ಪೋಲಿಯೋ ವೈರಸ್ 1999ರ ನಂತರ ಎಲ್ಲೂ ಕಾಣಿಸಿರಲಿಲ್ಲ. ಆದರೆ ಹನಿಯಲ್ಲಿದ್ದ, ಬಲ ಕಳೆದ 2ನೇ ತರಹದ ವೈರಸ್ಸೇ ಬಹಳ ಅಪರೂಪಕ್ಕೆ ಮಕ್ಕಳ ಕಾಲು ತೆಗೆಯುತ್ತಿತ್ತು. ಅಂದರೆ ರೋಗ ಹೋದ ಮೇಲೆ ಲಸಿಕೆಯ ಆ ಭಾಗದ ಅಪಾಯವೇ ಉಳಿದಿತ್ತು. ಅದಕ್ಕೆ 2016ರ ಏಪ್ರಿಲ್ 25ರಂದು ದೇಶಪೂರ್ತಿ ಒಂದೇ ದಿನ ಹಳೇ ಹನಿ ನಿಲ್ಲಿಸಿ, 2ನೇ ತರಹ ತೆಗೆದ ಹೊಸ ಹನಿ ಶುರು ಮಾಡಿದರು. ಜೊತೆಗೆ ವೈರಸ್ ಸತ್ತಿರುವ ಪೋಲಿಯೋ ಸೂಜಿಯೂ ಬಂತು. ನಾವು ಹಳೇ ಬಾಟಲಿ ಒಂದೊಂದನ್ನೂ ಎಣಿಸಿ ವಾಪಸ್ ಕೊಟ್ಟೆವು, ಫ್ರಿಜ್ ಮೂಲೆಯಲ್ಲಿ ಒಂದೂ ಉಳಿದಿಲ್ಲ ಅಂತ ನೋಡಲು ಬೇರೆಯವರು ಬಂದರು. ‘ಲಸಿಕೆಯಿಂದ ತೊಂದರೆ ಆಗುವುದೇ ಇಲ್ಲ’ ಅಂತ ಎಲ್ಲರೂ ಕೂತಿದ್ದರೆ ಇದು ಆಗುತ್ತಿತ್ತಾ?

ಕೋವಿಡ್ ಬಗ್ಗೆ ಬರೆಯದಿದ್ದರೆ ನನ್ನ ಭಾವ ಬಿಡುವುದಿಲ್ಲ. 2024ರ ಏಪ್ರಿಲ್ ಕೊನೆ, ಮೇ ಹೊತ್ತಿಗೆ, ಕೋವಿಶೀಲ್ಡ್ ಮೂಲ ಕಂಪನಿ ಇಂಗ್ಲೆಂಡಿನ ಕೋರ್ಟಿನಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯನ್ನು ಒಪ್ಪಿಕೊಂಡಿತು ಅಂತ ಸುದ್ದಿ ಬಂದಾಗ ನನಗೆ ಒಂದೇ ದಿನ ಹತ್ತೊಂಬತ್ತು ಫೋನ್. ‘ನೀವೇ ಹಾಕಿದ್ದು ಸಿಸ್ಟರ್.’ ಹೌದು, ನಾನೇ. ಅದು ಹೊಸ ಗುಟ್ಟಲ್ಲ. ನಮ್ಮ ದೇಶದ ಎಇಎಫ್‌ಐ ಸಮಿತಿಯೇ 2021ರ ಮೇ ತಿಂಗಳಲ್ಲಿ ಗಂಭೀರವಾದ 498 ಪ್ರಕರಣ ನೋಡಿ, ಅದರಲ್ಲಿ 26 ಇಂಥವು ಇರಬಹುದು, ಹತ್ತು ಲಕ್ಷ ಡೋಸಿಗೆ 0.61 ಅಂತ ಹೇಳಿತ್ತು. ಮುಂದಿನ ತಿಂಗಳು, ಲಸಿಕೆಯಾದ ಮೇಲೆ ಅಲರ್ಜಿಯಿಂದ 68 ವರ್ಷದ ಒಬ್ಬರು ಸತ್ತದ್ದನ್ನೂ ಒಪ್ಪಿಕೊಂಡಿತ್ತು. ಬಚ್ಚಿಡಲಿಲ್ಲ. ಆದರೆ ನಮ್ಮ ಹಾಡಿಗೆ, ಲೈನ್‌ಮನೆಗೆ ಬಂದು ಯಾರೂ ಹೇಳಲೂ ಇಲ್ಲ. ದಿಲ್ಲಿಯ ಪ್ರಕಟಣೆಯಲ್ಲಿ ಇದ್ದದ್ದು ಮೂರು ವರ್ಷ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಬಂದರೆ ಜನ ಮೋಸ ಅಂತಲೇ ತಿಳಿಯುತ್ತಾರೆ. ಆ ತೊಂದರೆ ಬರುವುದಿದ್ದರೆ ಸೂಜಿ ಆದ ಕೆಲವೇ ವಾರಗಳಲ್ಲಿ ಬರುತ್ತಿತ್ತು, ಮೂರು ವರ್ಷದ ಮೇಲಲ್ಲ ಅಂತ ಹತ್ತೊಂಬತ್ತು ಜನಕ್ಕೂ ಹೇಳಿದೆ. ಎಷ್ಟು ಜನ ನಂಬಿದರೋ.

ಆಮೇಲೆ 2025ರ ಜೂನ್, ಜುಲೈ. ನಮ್ಮ ಪಕ್ಕದ ಹಾಸನದಲ್ಲಿ ಸಾಲು ಸಾಲು ಹೃದಯಾಘಾತದ ಸುದ್ದಿ. ಮುಖ್ಯಮಂತ್ರಿಗಳೂ ಲಸಿಕೆಯ ಬಗ್ಗೆ ಪ್ರಶ್ನೆ ಎತ್ತಿದರು. ಮೈಸೂರಿನ ಜಯದೇವ ಹೃದಯ ಆಸ್ಪತ್ರೆಯ ಮುಂದೆ ಜಾತ್ರೆ. ಭಾವನೂ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋದರು. ಇಸಿಜಿ ಸರಿ ಇತ್ತು. ಶುಗರ್ ಇನ್ನೂರ ಎಂಬತ್ತು! ಅದಕ್ಕೆ ಯಾವ ಸೂಜಿ ಕಾರಣ ಭಾವ ಅಂತ ಕೇಳಿದೆ, ಎರಡು ದಿನ ಮಾತು ಬಿಟ್ಟಿದ್ದರು.

ಆದರೆ ಭಾವನ ಪ್ರಶ್ನೆ ತಪ್ಪಲ್ಲ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಹುಡುಕುವ ಕೆಲಸವೂ ಆಗಿತ್ತು. ದೇಶದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನವರು 2023ರಲ್ಲಿ 19 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ, ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಸತ್ತ 18ರಿಂದ 45 ವರ್ಷದವರ ಬಗ್ಗೆ ನೋಡಿದರು. ಅದೇ ವಯಸ್ಸಿನ, ಬದುಕಿರುವ ಜನರ ಜೊತೆ ಹೋಲಿಸಿದರು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಆದವರಲ್ಲಿ ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಯಾರಲ್ಲಿ? ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರು, ಮನೆತನದಲ್ಲಿ ಇಂಥ ಸಾವು ಆಗಿದ್ದವರು, ಸಾಯುವ ಎರಡು ದಿನದ ಒಳಗೆ ಮಿತಿಮೀರಿ ಕುಡಿದವರು, ಮೈಮುರಿಯುವ ವ್ಯಾಯಾಮ ಮಾಡಿದವರು. ಹಾಸನದ ವಿಷಯ ನೋಡಿದ ನಮ್ಮ ರಾಜ್ಯದ ತಜ್ಞರ ಸಮಿತಿಯೂ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಅಂದಿತು. ಮಿತಿಮೀರಿ ಕುಡಿಯುವುದು ಅನ್ನುವ ಮಾತನ್ನು ನಮ್ಮ ಕೊಡಗಿನಲ್ಲಿ ಮದುವೆ ಮನೆಯಲ್ಲಿ ಹೇಳಿ ನೋಡಿ, ಲಸಿಕೆಯ ಮೇಲೆ ಹಾಕುವುದು ಎಷ್ಟು ಸುಲಭ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದರೂ, ನಾನು ನಿಜವಾಗಿ ಹೇಳಬೇಕಾದದ್ದು ಒಂದು ಮಗುವಿನ ಬಗ್ಗೆ. ಇದುವರೆಗೆ ಮುಂದೂಡುತ್ತಾ ಬಂದೆ.

2019ರ ನವೆಂಬರ್. ನಮ್ಮ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದಿತ್ತು. ಗುರುವಾರ ಎರಡೂವರೆ ತಿಂಗಳಿನ ಹೆಣ್ಣುಮಗುವಿಗೆ ಎರಡನೇ ಪೆಂಟಾ ಹಾಕಿದೆ. ತಂದೆ ಪಿಕಪ್ ಓಡಿಸುತ್ತಿದ್ದರು. ತಾಯಿ ಇಪ್ಪತ್ತೆರಡು ವರ್ಷದ ಹುಡುಗಿ. ಈ ಸಲ ನಾನು ಹೇಳಬೇಕಾದ ನಾಲ್ಕು ಮಾತು ಹೇಳಿದ್ದೆ: ಯಾವ ಲಸಿಕೆ, ಏನು ತೊಂದರೆ ಬರಬಹುದು, ಮುಂದೆ ಯಾವಾಗ ಬರಬೇಕು, ತಾಯಿ ಕಾರ್ಡ್ ಜೋಪಾನ. ಶುಕ್ರವಾರ ಆಶಾ ಹೋಗಿ ನೋಡಿ ಬಂದಳು. ಸ್ವಲ್ಪ ಜ್ವರ, ಅಷ್ಟೇ. ಶನಿವಾರ ಬೆಳಿಗ್ಗೆ ಆರಕ್ಕೆ ಅವಳದೇ ಫೋನ್. ‘ಅಕ್ಕ, ಮಗು ಎದ್ದಿಲ್ಲ.’

ಏನು ಹೇಳಲಿ. ಕಾಲು ನಡುಗುತ್ತಿತ್ತು. 2007ರ ಆ ಮಾತು ನೆನಪಾಯಿತು, ನಿನ್ನ ತಲೆಗೇ ಬರುತ್ತೆ. ಆದರೂ ಮೊದಲು ಫೋನ್ ಮಾಡಿದ್ದು ನಮ್ಮ ಡಾಕ್ಟ್ರ ಮೇಡಂಗೆ. ‘ನೀವು ಮನೆಗೆ ಹೋಗಿ, ನಾನು ಹಿಂದೆಯೇ ಬರುತ್ತೇನೆ. ಏನೂ ವಾದ ಮಾಡಬೇಡಿ, ಸುಮ್ಮನೆ ಕೂತಿರಿ’ ಅಂದರು. ಹೋದೆ. ಅಂಗಳದಲ್ಲಿ ನಲವತ್ತು ಜನ. ಒಬ್ಬರು ‘ಬಂದಳು ನೋಡಿ’ ಅಂದರು. ಹೋಗಿ ತಾಯಿಯ ಪಕ್ಕ ನೆಲದ ಮೇಲೆ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. ಸೂಜಿ ಹಾಕಿದ ಕೈಯನ್ನೇ.

ಆ ದಿನ ನಡೆದದ್ದನ್ನು ಜನ ನೋಡಬೇಕಿತ್ತು ಅನ್ನಿಸುತ್ತದೆ. ಮೇಡಂ ಕೂಡಲೇ ಜಿಲ್ಲೆಗೆ ತಿಳಿಸಿದರು, ಫಾರಂ ಅವತ್ತೇ ಹೋಯಿತು. ಅದಕ್ಕೆ 24 ಗಂಟೆಯ ಗಡುವು, ಜಿಲ್ಲೆಯಿಂದ ರಾಜ್ಯಕ್ಕೆ, ದಿಲ್ಲಿಗೆ 48 ಗಂಟೆಯೊಳಗೆ. ಮಧ್ಯಾಹ್ನ ಮಡಿಕೇರಿಯಿಂದ ಅಧಿಕಾರಿ ಬಂದರು. ಬಾಟಲಿಯ ಬ್ಯಾಚ್ ನಂಬರ್, ತೆರೆದ ಸಮಯ, ಕ್ಯಾರಿಯರ್‌ನಲ್ಲಿ ಎಷ್ಟು ಐಸ್ ಪ್ಯಾಕ್, ಫ್ರಿಜ್‌ನ ಹಾಳೆ, ಸಿರಿಂಜ್ ಯಾವುದು, ಎಲ್ಲ ಕೇಳಿದರು. ನನ್ನನ್ನು ಎರಡು ಗಂಟೆ ಕೂರಿಸಿ ಕೇಳಿದರು, ಆದರೆ ಒಂದು ಸಲವೂ ಬೆರಳು ತೋರಿಸಿ ಮಾತಾಡಲಿಲ್ಲ. ಉಳಿದ ಬಾಟಲಿಗಳನ್ನು ತಣ್ಣಗೇ ಇಟ್ಟು ಸೀಲ್ ಮಾಡಿದರು. ಅದೇ ಬಾಟಲಿಯಿಂದ ಇನ್ನೂ ಆರು ಮಕ್ಕಳಿಗೆ ಹಾಕಿದ್ದೆ. ಆರೂ ಮನೆಗೆ ಹೋದೆವು. ಆರೂ ಮಕ್ಕಳು ಚೆನ್ನಾಗಿದ್ದವು. ಐದನೇ ಮನೆಯಲ್ಲಿ ಅಸ್ಸಾಂ ಕಡೆಯ ತಾಯಿ, ನಾವು ಯಾಕೆ ಬಂದೆವು ಅಂತ ತಿಳಿಯದೆ ಚಹಾ ಕೊಟ್ಟಳು. ‘ಬುಖಾರ್ ಆಯಾ ಥಾ, ಚಲಾ ಗಯಾ’ ಅಂದಳು. ನನಗೆ ಚಹಾ ಇಳಿಯಲಿಲ್ಲ.

ಪೋಸ್ಟ್‌ಮಾರ್ಟಂ ಮಾತು ಎತ್ತುವುದು ಇದ್ದದ್ದರಲ್ಲೇ ಕಷ್ಟ. ಅಷ್ಟು ಚಿಕ್ಕ ಮೈಯನ್ನು ಕೊಯ್ಯುವುದಾ ಅಂತ ಅಜ್ಜ ಎದ್ದು ನಿಂತರು. ಮೇಡಂ ಒತ್ತಾಯ ಮಾಡಲಿಲ್ಲ. ‘ಕಾರಣ ಗೊತ್ತಾಗದೆ ಹೋದರೆ ನಾಳೆ ನೀವೂ ನನ್ನನ್ನು ಕೇಳುತ್ತೀರಿ, ನನ್ನ ಹತ್ತಿರ ಉತ್ತರ ಇರಲ್ಲ’ ಅಂದರು. ತಂದೆ ಒಂದು ಗಂಟೆ ಅಂಗಳದ ಕಿತ್ತಳೆ ಮರದ ಕೆಳಗೆ ನಿಂತಿದ್ದು, ಬಂದು ಸರಿ ಅಂದರು.

ಮಗುವಿನ ಹೃದಯದಲ್ಲಿ ಹುಟ್ಟಿನಿಂದಲೇ ದೊಡ್ಡ ತೂತಿತ್ತು. ಶ್ವಾಸಕೋಶದಲ್ಲಿ ಸೋಂಕೂ ಸೇರಿತ್ತು. ಎಲ್ಲ ಕಾಗದ ರಾಜ್ಯದ ಸಮಿತಿಗೆ ಹೋಯಿತು. ಅಲ್ಲಿ ಇದು ಲಸಿಕೆಯ ಗುಣದಿಂದ ಆದದ್ದಾ, ಲಸಿಕೆ ತಯಾರಿಯ ದೋಷವಾ, ಹಾಕಿದವರ ತಪ್ಪಾ, ಹೆದರಿಕೆಯಾ, ಹೇಳಲಾಗದ್ದಾ, ಬೇರೆ ಕಾರಣವಾ ಅಂತ ವಿಂಗಡಿಸುತ್ತಾರೆ. ತಿಂಗಳುಗಳು ಹಿಡಿಯಿತು. ಬೇರೆ ಕಾರಣ, ಕಾಕತಾಳೀಯ ಅಂತ ಬಂತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದೇ. ಲೆಕ್ಕ ನೋಡಿದರೆ ಅರ್ಥ ಆಗುತ್ತದೆ. 2020ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 28 ಮಕ್ಕಳು ವರ್ಷ ತುಂಬುವ ಮೊದಲೇ ಹೋದವು. ಆ ಒಂದು ವರ್ಷದಲ್ಲೇ ಹುಟ್ಟಿದಾಗ, ಆರು ವಾರಕ್ಕೆ, ಹತ್ತಕ್ಕೆ, ಹದಿನಾಲ್ಕಕ್ಕೆ, ಒಂಬತ್ತು ತಿಂಗಳಿಗೆ ಅಂತ ಲಸಿಕೆ. ಕೆಲವು ಸಾವು ಲಸಿಕೆಯ ಮರುದಿನ ಬಂದೇ ಬರುತ್ತವೆ. ಆದರೆ ಇದು ಲೆಕ್ಕದ ಮಾತು. ತಾಯಿಯ ಮುಂದೆ ಕಾಗೆ ಕೊಂಬೆ ಅಂತ ಹೇಳುವ ಬಾಯಿ ಯಾರಿಗಿದೆ? ಹುಡುಕಿ ನೋಡದೆ ಮೊದಲ ದಿನವೇ ‘ಲಸಿಕೆಯಿಂದ ಅಲ್ಲ’ ಅಂದಿದ್ದರೆ ಅದೂ ಇನ್ನೊಂದು ‘ಏನೂ ಆಗಲ್ಲ’ ಆಗುತ್ತಿತ್ತು.

ಮೇಡಂ ಆ ಕಾಗದ ಹಿಡಿದು ತಾವೇ ಮನೆಗೆ ಹೋದರು. ಎಲ್ಲ ಕಡೆ ಹೀಗೆ ಬಂದು ಹೇಳುವುದಿಲ್ಲ, ಎಷ್ಟೋ ಮನೆಯವರಿಗೆ ಕಡೆಗೆ ಏನು ಬಂತು ಅಂತಲೇ ಗೊತ್ತಾಗುವುದಿಲ್ಲ. ಇದು ನನ್ನ ಇಲಾಖೆಯ ಮೇಲೆ ನನಗಿರುವ ದೊಡ್ಡ ದೂರು. ಮೇಡಂ ಹೃದಯದ ಚಿತ್ರ ಬರೆದು ತೋರಿಸಿದರು. ಅದನ್ನು ನೋಡುತ್ತಾ ಆ ಹುಡುಗಿ ಮೆಲ್ಲಗೆ ಹೇಳಿದಳು: ‘ಹಾಲು ಕುಡಿಯುವಾಗ ಹಣೆ ತುಂಬಾ ಬೆವರುತ್ತಿತ್ತು. ಸೆಕೆಗೆ ಅಂದುಕೊಂಡೆ.’ ನವೆಂಬರ್ ತಿಂಗಳ ಕೊಡಗಿನಲ್ಲಿ ಸೆಕೆ. ಯಾರೂ ಏನೂ ಮಾತಾಡಲಿಲ್ಲ.

ನಾನೇ ತೂಕ ಮಾಡಿದ್ದೆ ಆ ಮಗುವನ್ನು. ತೂಕ ಏರಿದ್ದು ಕಡಿಮೆ ಅಂತ ಕಾರ್ಡಿನಲ್ಲಿ ಬರೆದೂ ಇದ್ದೆ. ಹಾಲು ಕುಡಿಯುವಾಗ ಬೆವರುತ್ತದಾ, ಸುಸ್ತಾಗಿ ಬಿಟ್ಟುಬಿಡುತ್ತದಾ ಅಂತ ಕೇಳಿರಲಿಲ್ಲ. ಅದಾದ ಮೇಲೆ ಒಂದು ಮಗುವಿನ ತಾಯಿಯನ್ನೂ ಕೇಳದೆ ಬಿಟ್ಟಿಲ್ಲ. ಆ ರಾತ್ರಿ ತಂಗಿಯ ಮಗಳನ್ನೂ ಕೇಳಿದೆ.

2022ರಲ್ಲಿ ಮಗು ಕಳೆದುಕೊಂಡ ಆ ತಾಯಿಗೆ ಇನ್ನೊಂದು ಮಗು ಆಯಿತು, ಗಂಡು. ಆರು ವಾರ ಆದಾಗ ಆ ಮನೆಗೆ ಹೋಗಲು ನನಗೆ ಧೈರ್ಯ ಬರಲಿಲ್ಲ, ಆಶಾಳನ್ನೂ ಕಳಿಸಲಿಲ್ಲ. ಗುರುವಾರ ಹನ್ನೊಂದು ಗಂಟೆಗೆ ಪಿಕಪ್ ಬಂದು ಪಿಎಚ್‌ಸಿ ಮುಂದೆ ನಿಂತಿತು. ಮಗುವನ್ನು ಎದೆಗೆ ಅವಚಿಕೊಂಡು ಅವಳು ಇಳಿದಳು. ನನ್ನ ಟೇಬಲ್ ದಾಟಿ ನೇರ ಮೇಡಂ ಹತ್ತಿರ ಹೋದಳು.

‘ಮೊದಲು ಎದೆ ನೋಡಿ ಮೇಡಂ. ಆಮೇಲೆ ಸಿಸ್ಟರ್ ಹಾಕಲಿ’ ಅಂದಳು.

ಮೇಡಂ ಸ್ಟೆತಾಸ್ಕೋಪ್ ಕಿವಿಗಿಟ್ಟರು. ಬಹಳ ಹೊತ್ತು ಕೇಳಿದರು. ನಾನು ಸಿರಿಂಜಿನ ಕವರ್ ಹರಿಯದೆ ಕಾದೆ.